ಹಲ್ಲು ತೋರಿಸಬೇಡ

ಲುಂಗಿ ಕೊಡವುವ ಸದ್ದು, ಒಂದು, ಇನ್ನೊಂದು, ಹೆಂಡತಿ ಎಸಾ ಒಳಗೆ ನನ್ನ ಬಟ್ಟೆ ಮಡಚುತ್ತಿದ್ದಾಳೆ, ನೀಲಿ ಚೌಕಳಿಯದು ಬೇಡ ಕಣೇ ಅಂಚು ಹರಿದಿದೆ ಅನ್ನಬೇಕು, ಬಾಯಿಂದ ಬರುವುದು ಬ್ಬ ಬ್ಬ ಅಷ್ಟೇ, ತೆಂಗಿನ ಮರದ ಬುಡದಲ್ಲಿ ಕುಸಿದು ನಾಲ್ಕು ತಿಂಗಳಾಯಿತು, ಬಲಗೈ ಬಲಗಾಲು ಬಲಗೆನ್ನೆ ಮೂರೂ ಒಟ್ಟಿಗೆ ಮುಷ್ಕರ ಹೂಡಿ – ಸಂಜೆಯ ಅಸರ್ ನಮಾಜು ಮುಗಿದ ಮೇಲೆ ಅಳಿಯ ಕಾರು ತರುತ್ತಾನೆ, ನನ್ನನ್ನು ಕ್ವಾಲಾ ಕ್ರಾಯ್‌ಗೆ, ಮಗಳು ರೊಕಿಯಾಳ ಮನೆಗೆ ಸಾಗಿಸುತ್ತಾನೆ, ಎಸಾ ಇಲ್ಲೇ ಉಳಿಯುತ್ತಾಳೆ, ಎಲ್ಲ ಒಂದು ನಗುವಿನಿಂದ. ಮೊನ್ನೆ ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಳು, ಶುಂಠಿ ಹಾಕಿದ ಗಂಜಿ, ಮೀನು ಬಿಡಿಸಿ ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಮುಳ್ಳು ಆರಿಸಿದ್ದಳು, ಎದೆ ತುಂಬಿ ಬಂತು, ಇವಳಿಗೆ ಒಂದು ನಗುವಾದರೂ ಕೊಡೋಣ ಅಂದುಕೊಂಡೆ – ಎಡತುಟಿ ಮಾತ್ರ ಮೇಲೆ ಹೋಯಿತು, ಬಲತುಟಿ ಜೋತುಬಿದ್ದೇ ಇತ್ತು, ಕೋರೆಹಲ್ಲು ಹೊರಗೆ ಬಂದಿರಬೇಕು, ಅವಳ ಕೈಯ ಚಮಚ ನಿಂತಿತು. ಅಷ್ಟು ಹೇಸಿಗೆನಾ ನನ್ನ ಕೈ ಅಂದರೆ, ಅಂದಳು. ಇಲ್ಲ ಕಣೇ ಇಲ್ಲ ಎಂದು ಇನ್ನೂ ಜೋರಾಗಿ ನಕ್ಕೆ, ಇನ್ನಷ್ಟು ಹಲ್ಲು ಬಂತು. ಅವಳು ಅಡುಗೆಮನೆಯಲ್ಲಿ ಅತ್ತಳು, ಪಕ್ಕದ ಮನೆಯ ಮೊಕ್ ಸು ಬಂದು ಸಮಾಧಾನ ಹೇಳಿದಳು, ಲಕ್ವ ಹೊಡೆದ ಗಂಡಸರಿಗೆ ಹೆಂಡ್ತೀನ ಕಂಡ್ರೆ ಆಗಲ್ಲ ಕಣೆ, ಮಗಳ ಕೈಲಿ ಉಣ್ಣಲಿ ಬಿಡು, ಅಂತ. ಲಕ್ವ ಆ ಬಾಯಿಗೆ ಹೊಡೆಯಬಾರದಿತ್ತೇ – ತಪ್ಪು ತಪ್ಪು, ದೇವರೇ ಕ್ಷಮಿಸು, ಅವಳು ಪಾಪ ಬರಿಗೈಲಿ ಬಂದಿರಲಿಲ್ಲ, ಬಾಳೆಹಣ್ಣಿನ ಬೋಂಡಾ ತಂದಿದ್ದಳು.

ಹಲ್ಲು ತೋರಿಸಬೇಡ, ಅದು ಅಪ್ಪನ ಮೊದಲ ಪಾಠ, ತೆಂಗಿನಕಾಯಿ ಕೀಳಲು ಪಳಗಿಸಿದ ಕೋತಿಯ ಎದುರು ನನ್ನನ್ನು ಕೂರಿಸಿ ಹೇಳಿದ್ದು, ಕೋತಿ ಹಲ್ಲು ಕಿರಿದ್ರೆ ನಗ್ತಿದೆ ಅಂತ ಪೇಟೆಯೋರು ತಿಳ್ಕೋತಾರೆ, ಅದು ಭಯ ಕಣೋ, ನೀನು ಕಿರಿದ್ರೆ ನಿನಗೇ ಭಯ ಅಂತ ಅದು ತಿಳ್ಕೊಳ್ಳುತ್ತೆ, ಆಮೇಲೆ ಮರ ಹತ್ತೋನು ನೀನೇ. ಹಾಗಾದ್ರೆ ಪ್ರೀತಿಗೇನು ಮಾಡ್ಬೇಕಪ್ಪ. ತುಟಿ ಕೂಡಿಸಿ ಚಪ್ ಚಪ್ ಚಪ್, ಮಾವಿನ ಓಟೆ ಚೀಪುವ ಹಾಗೆ, ನಮ್ಮಿಬ್ಬರಲ್ಲಿ ಜಗಳ ಇಲ್ಲ, ಹತ್ತಿರ ಬಾ ಅಂತ ಅದರ ಅರ್ಥ. ಈ ಕಸುಬಿನವನ ಮುಖ ಹೀಗೇ ಬಿಗಿಯುತ್ತಾ ಹೋಗುತ್ತದೆ, ಮದುವೆಯ ಪೀಠದ ಮೇಲೂ ನಾನು ತುಟಿ ಬಿಚ್ಚಲಿಲ್ಲ, ಪಕ್ಕದಲ್ಲಿ ಹಳದಿ ರೇಷ್ಮೆಯ ಎಸಾ, ಅತ್ತೆ ಎಲ್ಲರಿಗೂ ಕೇಳುವ ಹಾಗೆ, ಅಳಿಯ ಮದುವೆಗೆ ಬಂದಿದಾನೋ ಕಾಯಿ ಕೀಳೋಕೆ ಬಂದಿದಾನೋ, ಮೂರು ದಿನ ಎಸಾ ನನ್ನ ಮುಖ ನೋಡುವುದಕ್ಕೇ ಹೆದರಿದಳು, ನಾಲ್ಕನೆಯ ದಿನ ಕೇಳಿಯೇಬಿಟ್ಟಳು, ಅಬೆ, ನಮ್ಮ ಕಡೆ ಗಂಡನನ್ನು ಕರೆಯುವುದೇ ಹಾಗೆ, ನಾನು ಇಷ್ಟ ಇಲ್ವಾ, ಅವಳನ್ನು ಕೋತಿಯ ಹತ್ತಿರ ಕರೆದೊಯ್ದು ಅಪ್ಪನ ಪಾಠವನ್ನೇ ಒಪ್ಪಿಸಿದೆ, ಬಿದ್ದು ಬಿದ್ದು ನಕ್ಕಳು, ಹಲ್ಲೆಲ್ಲ ಕಾಣುವಂತೆ, ಕೋತಿ ಬೆದರಿ ಮಾಡು ಹತ್ತಿ ಕೂತಿತು. ಆ ನಗುವಿಗೆ ನಾನು ಎಷ್ಟು ಋಣಿ. ಕೋತಿ ನಾತದ ಮನೆ ಎಂದು ಒಂದು ದಿನ ಮೂಗು ಮುರಿಯಲಿಲ್ಲ, ಕೋತಿಮರಿ ಲಬುವನ್ನು ತಂದಾಗ ಅದಕ್ಕೂ ರೊಕಿಯಾಳಿಗೂ ಒಂದೇ ಬಟ್ಟಲಿನ ಹಾಲು, ಇದನ್ನೆಲ್ಲ ಮಾತಿದ್ದಾಗ ಹೇಳಬಾರದಿತ್ತೇ ಮೂರ್ಖ, ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ, ನನ್ನ ಹಣೆಬರಹ ನೋಡಿ, ಹಲ್ಲು ಇದ್ದದ್ದೇ ತಪ್ಪಾಯಿತು.

ಸರಪಳಿಯ ಸದ್ದು. ಹರುನ್ ಲಬುವನ್ನು ಕರೆತಂದಿದ್ದಾನೆ, ನಾನು ಬಿದ್ದಮೇಲೆ ಅವನೇ ಅದನ್ನು ತೋಟಗಳಿಗೆ ಒಯ್ಯುವುದು, ಹೊರಡೋ ಮುಂಚೆ ಒಂದ್ಸಲ ನೋಡ್ಕೊಳ್ಳಲಿ ಅಂತ ತಂದೆ ಅನ್ನುತ್ತಿದ್ದಾನೆ, ಯಾರು ಯಾರನ್ನು ಎಂದು ಹೇಳಲಿಲ್ಲ, ಒಳ್ಳೆಯವನು, ಬಂದವರೆಲ್ಲ ನನ್ನ ಜೋತ ಕೆನ್ನೆಯನ್ನೇ ನೋಡುತ್ತಾರೆ, ಲಬು ಮಾತ್ರ ಜಗಲಿ ಹತ್ತಿ ಮಗ್ಗುಲಲ್ಲಿ ಕೂತು, ಕತ್ತದ ವಾಸನೆ, ಚಪ್ ಚಪ್ ಚಪ್, ನನ್ನ ತುಟಿ ಉತ್ತರ ಕೊಟ್ಟಿತು, ನನ್ನನ್ನು ಕೇಳದೆಯೇ ಕೊಟ್ಟಿತು, ಒಂದು ಕಡೆಯಿಂದ ಜೊಲ್ಲು ಸುರಿಯಿತು, ಸುರಿಯಲಿ, ಸದ್ದು ಬಂತಲ್ಲ – ಲಬು ಬೆನ್ನು ತಿರುಗಿಸಿ ಕುತ್ತಿಗೆ ಬಾಗಿಸಿತು, ಹೆಕ್ಕು ಅಂತ, ಎಡಗೈಯಲ್ಲಿ ರೋಮ ಬಿಡಿಸಿ ಬಿಡಿಸಿ ನೋಡಿದೆ, ಹೇನಿಲ್ಲ ಏನಿಲ್ಲ, ಆದರೂ ಹೆಕ್ಕಬೇಕು, ಹರುನ್ ಸರಪಳಿ ಜಗ್ಗಿದ, ಹೋದರು. ಈಗ ಹಾರ್ನ್. ಎಸಾ ಚೀಲ ಹಿಡಿದು ಬರುತ್ತಾಳೆ, ತಲೆವಸ್ತ್ರದ ತುದಿಯಿಂದ ನನ್ನ ಗಲ್ಲ ಒರೆಸುತ್ತಾಳೆ, ನನಗೆ ತನ್ನ ಕೈ ಹೇಸಿಗೆ ಎಂದುಕೊಂಡೂ ಒರೆಸುವವಳು, ಕಾರು ಬಂತು ಅನ್ನುತ್ತಾಳೆ ನೆಲಕ್ಕೆ, ನನಗಲ್ಲ, ನಗಬೇಡ, ನಗಬೇಡ, ಹಲ್ಲು ಮುಚ್ಚು, ಚಪ್ ಚಪ್ ಚಪ್. ಲಬು ಆಗ್ಲೇ ಹೋಯ್ತಲ್ಲ, ಯಾರಿಗೆ ಮಾಡ್ತಿದೀರಿ. ಚಪ್ ಚಪ್. ಗಲ್ಲದ ಮೇಲೆ ಅವಳ ಕೈ ನಿಂತಿದೆ. ನಂಗಾ. ಚಪ್ ಚಪ್ ಚಪ್, ಜೊಲ್ಲು, ಕಣ್ಣೀರು, ಎಲ್ಲ ಒಟ್ಟಿಗೆ. ಮೊನ್ನೆ ಗಂಜಿ ಕುಡಿವಾಗ್ಲೂ ಇದೇನಾ, ಅಬೆ. ಚಪ್. ಮತ್ತೆ ಹಾರ್ನ್ – ಅವಳು ಅಳಿಯನ ಕಡೆ ತಿರುಗಿ, ಕಾರು ವಾಪಸ್ ತಗೊಂಡ್ಹೋಗಪ್ಪ, ನಿಮ್ಮ ಮಾವ ಎಲ್ಲಿಗೂ ಬರಲ್ಲ, ಅಂದು ಚೀಲ ಕೆಳಗಿಟ್ಟು, ನನ್ನ ಕಾಲ ಬಳಿ ಬೆನ್ನು ಮಾಡಿ ಕೂತು, ವಸ್ತ್ರ ತೆಗೆದು, ತುರುಬು ಬಿಚ್ಚಿ, ಕುತ್ತಿಗೆ ಬಾಗಿಸಿ, ಹೆಕ್ಕಿ ಮತ್ತೆ, ಅನ್ನುತ್ತಾಳೆ – ನನ್ನ ಎಡಗೈ, ಅವಳ ಕೂದಲು, ಬಿಳಿ, ಬಿಳಿ, ಒಂದು ಕಪ್ಪು, ಬಿಳಿ