ಮಾಳಿಗೆಯ ಅರಳಿ ಗಿಡ

ನಾಶಿಕದ ಒಂದು ಸರಕಾರಿ ಆಸ್ಪತ್ರೆಯ ಕಟ್ಟಡವನ್ನು ನೋಡಿಕೊಳ್ಳುವ ಇಂಜಿನಿಯರನಾಗಿ ನಾನು ಹನ್ನೊಂದು ವರ್ಷ ದುಡಿದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ, ನೀರಿಳಿಯುವ ಕೊಳವೆಗಳ ಬಾಯಿ ತೆರೆದಿದೆಯೇ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ನಿವೃತ್ತಿಗೆ ಮೂರು ವರ್ಷವಿದ್ದಾಗ, ಲಿಫ್ಟಿನ ಯಂತ್ರದ ಕೋಣೆಯ ಪಕ್ಕದ ಕೊಳವೆಯ ಬಾಯಲ್ಲಿ ಗೇಣುದ್ದದ ಅರಳಿ ಗಿಡ ಕಂಡಿತು. ಕೀಳು ಎಂದೆ. ಕೂಲಿಯವನು ಗಿಡಕ್ಕೆ ಕೈಮುಗಿದು ಹಿಂದೆ ಸರಿದ. ಕೊರಳಲ್ಲಿ ಲಿಂಗವಿದ್ದ ನನ್ನ ಕೈಯೂ ಏಳಲಿಲ್ಲ.

ಮನೆಗೆ ಬಂದು ಹೆಂಡತಿ ಕಸ್ತೂರಿಬಾಯಿಗೆ ಹೇಳಿದೆ.

"ಛಲೋ ಮಾಡಿದ್ರಿ. ಅರಳಿ ಕಿತ್ರ ಮನಿತನಕ್ಕ ಬಡೀತದ."

"ನೀರು ನಿಂತ್ರ?"

"ನಿಂತ್ರ ಅದೇ ಕುಡೀತದ ಬಿಡ್ರಿ. ನಿಮಗ್ಯಾಕ ಚಿಂತಿ?"

'ಎಲ್ಲ ಕೊಳವೆಗಳೂ ಸ್ವಚ್ಛ' ಎಂದು ಬರೆದು ಸಹಿ ಹಾಕಿದೆ. ಮೂರು ವರ್ಷವೂ ಹಾಗೆಯೇ ಬರೆದೆ.

ನಾನು ನಿವೃತ್ತನಾದ ಮೇಲೆ, ಹೋದ ಆಷಾಢದಲ್ಲಿ ಕಸ್ತೂರಿಬಾಯಿಗೇ ಉಸಿರಾಟದ ತೊಂದರೆಯಾಯಿತು. ಅದೇ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಸೇರಿಸಿದೆವು. ಎರಡು ದಿನ ಬಿಡದೆ ಮಳೆ ಸುರಿಯಿತು. ಬೆಳಿಗ್ಗೆ ಹತ್ತಕ್ಕೆ, ಕೂಡಲೇ ಕೆಳಗಿನ ಐಸಿಯುಗೆ ಒಯ್ಯಬೇಕು ಎಂದರು. ಲಿಫ್ಟು ಮೇಲೆ ಬರಲಿಲ್ಲ. ಕೊಳವೆ ಕಟ್ಟಿಕೊಂಡು ಮೇಲಿನ ಯಂತ್ರದ ಕೋಣೆಗೆ ನೀರು ನುಗ್ಗಿತ್ತು. ನಾಲ್ವರು ಅವಳನ್ನು ಚಾದರದಲ್ಲಿ ಹೊತ್ತು ಮೆಟ್ಟಿಲಿಳಿದರು. ಆಕ್ಸಿಜನ್ ಸಿಲಿಂಡರ್ ಹಿಡಿದು ನಾನು ಪಕ್ಕದಲ್ಲಿದ್ದೆ.

"ಸಾವಕಾಶ ಇಳೀರಿ, ಕಾಲು ಜಾರ್ತದ," ಎಂದು ನನಗೆ ಹೇಳಿದಳು. ಎರಡನೆಯ ತಿರುವಿನಲ್ಲಿ ಅವಳ ಉಸಿರು ನಿಂತಿತು.

ನನ್ನ ಜಾಗಕ್ಕೆ ಬಂದಿದ್ದ ಸಂಗಮನಾಥನನ್ನು ಅಮಾನತು ಮಾಡಿದರು. ಕಲಬುರಗಿ ಕಡೆಯವನು, ಎರಡು ಮಕ್ಕಳ ತಂದೆ. ಮಾತನಾಡಿಸಲು ಮನೆಗೆ ಬಂದ.

"ಗಿಡ ಕೀಳಾಕ ಎರಡ ಸಲ ಮಂದಿ ಕಳಿಸಿದ್ದೆ ಕಾಕಾ, ಯಾರೂ ಮುಟ್ಟಲಿಲ್ಲ. ಮಾಳಗಿ ಮ್ಯಾಲ ದೇವರು ಪರ್ಮನೆಂಟ್ ಆದ, ನಾ ಸಸ್ಪೆಂಡ್ ಆದೆ," ಎಂದು ನಕ್ಕ. ಚಹಾದ ಬಟ್ಟಲನ್ನು ತುಟಿಗೆ ತಾರದೆ ಕೆಳಗಿಟ್ಟ.

ಅವನ ನೌಕರಿಯನ್ನಾದರೂ ಉಳಿಸಬೇಕೆಂದು ನಿಶ್ಚಯಿಸಿದೆ. ವಿಚಾರಣೆಗೆ ಸಂಭಾಜಿನಗರದ ಅಧಿಕಾರಿಯನ್ನು ನೇಮಿಸಿದ್ದರು. ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು, ಇಷ್ಟಲಿಂಗದ ಮುಂದಿಟ್ಟು, ವೈಜಾಪುರದ ಮಾರ್ಗವಾಗಿ ಅಲ್ಲಿಗೆ ಹೋಗುವ ಬಸ್ಸು ಹತ್ತಿದೆ.

ಅಧಿಕಾರಿ ಮೃಣಾಲಿನಿಯವರು ಒಳ್ಳೆಯ ಹೆಣ್ಣುಮಗಳು. ಕೂರಿಸಿ ನೀರು ಕೊಟ್ಟು, ಕಾಗದ ಓದಿ, ಹಳೆಯ ರಿಜಿಸ್ಟರ್ ತೆರೆದರು. ಮರಾಠಿಯಲ್ಲಿ ಮೆತ್ತಗೆ ಹೇಳಿದರು:

"ಇಲ್ಲಿ ನೋಡಿ ಕಾಕಾ, ನಿಮ್ಮದೇ ಅಕ್ಷರ. ಮೂರು ವರ್ಷವೂ ಸ್ವಚ್ಛ. ಗಿಡ ನಿಮ್ಮ ನಂತರ ಹುಟ್ಟಿತು ಅನ್ನುವುದಕ್ಕೆ ಇದೇ ಆಧಾರ."

"ಅದು ಸುಳ್ಳು, ಮೇಡಂ. ನಾನೇ ಬರೆದ ಸುಳ್ಳು."

"ಮನೆಯವರನ್ನು ಕಳೆದುಕೊಂಡಿದ್ದೀರಿ. ಯಾರ ತಪ್ಪನ್ನೋ ಮೈಮೇಲೆ ಎಳೆದುಕೊಳ್ಳುತ್ತಿದ್ದೀರಿ. ಅಂದು ಗಿಡ ಇತ್ತೆಂದು ಹೇಳುವ ಸಾಕ್ಷಿ ಇದ್ದಾರೆಯೇ?"

ಕೂಲಿಯವನ ಹೆಸರು ನಾನು ಕೇಳಿರಲಿಲ್ಲ. ಇನ್ನೊಬ್ಬ ಸಾಕ್ಷಿ ಕಸ್ತೂರಿಬಾಯಿ. ಮೃಣಾಲಿನಿಯವರು ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟರು.

ಮರುದಿನ ಆಸ್ಪತ್ರೆಯ ಮಾಳಿಗೆ ಹತ್ತಿದೆ. ಗಿಡ ನನ್ನೆತ್ತರ ಬೆಳೆದಿತ್ತು. ಬುಡಕ್ಕೆ ಕುಂಕುಮ, ಕೆಂಪು ದಾರ. ಕಸ ಗುಡಿಸುವ ಹೆಂಗಸು ನನ್ನನ್ನು ನೋಡಿ, "ಚಪ್ಪಲಿ ಬಿಟ್ಟು ಬನ್ನಿ ಬಾಬಾ, ಅಂದು ಮೆಟ್ಟಿಲಲ್ಲಿ ಒಬ್ಬ ಹೆಂಗಸು ಸತ್ತಾಗಿನಿಂದ ಎಲ್ಲರೂ ಪೂಜೆ ಮಾಡುತ್ತೇವೆ," ಎಂದಳು.

ನಾನು ಆಗಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದೆ.

ಎರಡೂ ಕೈಯಲ್ಲಿ ಕಾಂಡ ಹಿಡಿದು ಎಳೆದೆ.

"ಅಯ್ಯೋ ಬಾಬಾ, ಪಾಪ ತಗಲುತ್ತದೆ!"

"ತಗಲಿದೆ, ತಾಯಿ," ಎಂದೆ.

ನಾಲ್ಕು ಎಲೆ ಕೈಗೆ ಬಂದವು. ಬೇರು ಗೋಡೆಯೊಳಗೆ ಎಲ್ಲಿಗೋ ಹೋಗಿತ್ತು. ನಿಂತ ನೀರಿನಲ್ಲಿ ನನ್ನ ಪಾದಗಳು ತಣ್ಣಗಾದವು. ಪಂಚವಟಿಯ ಕಡೆಯಿಂದ ಮತ್ತೆ ಮೋಡ ಏರುತ್ತಿತ್ತು.