ಸ್ಟೇಸಿ ಸ್ಕೂಲಿಗೆ ಹೋಗುವವರೆಗೆ

ವೀಸಾ ತೆಗೆಸಿಕೊಟ್ಟವರು ಗಲ್ಫಿನಲ್ಲಿ ಹೆತ್ತವರಿಗಿಂತ ಒಂದು ಮೆಟ್ಟಿಲು ಮೇಲೆ. ಹೆತ್ತವರು ಮಾಡಿದ ಉಪಕಾರವನ್ನು ಒಮ್ಮೊಮ್ಮೆ ಮರೆಯುತ್ತಾರೆ, ಇವರು ಮರೆಯುವುದಿಲ್ಲ. ಕಾರ್ಮಿನ್‌ಗೆ ಅಬುಧಾಬಿಯ ಕ್ಲಿನಿಕ್ಕೊಂದರಲ್ಲಿ ನರ್ಸ್ ವೀಸಾ ತೆಗೆಸಿಕೊಟ್ಟವಳು ಅವಳ ಅಣ್ಣ ಮೊರಿಸನ ಹೆಂಡತಿ ಲೂರ್ದ್. ಆಗ ಸ್ಟೇಸಿ ಇನ್ನೂ ತೊಟ್ಟಿಲ ಮಗು. "ಇವಳು ಸ್ಕೂಲಿಗೆ ಹೋಗುವವರೆಗೆ ನೋಡಿಕೊಂಡ್ರೆ ಸಾಕು, ಮತ್ತೆ ನಿನ್ನ ದಾರಿ ನಿಂಗೆ" ಎಂದಿದ್ದಳು ಲೂರ್ದ್. ಕಾರ್ಮಿನ್ ಹೂಂ ಎಂದಿದ್ದಳು. ಯಾರಾದರೂ ಹೂಂ ಎನ್ನುತ್ತಿದ್ದರು.

ಅಂದಿನಿಂದ ಟೂರಿಸ್ಟ್ ಕ್ಲಬ್ ಏರಿಯಾದ ಆ ಫ್ಲ್ಯಾಟು ಆಪೋಸಿಟ್ ಡ್ಯೂಟಿಯ ಮೇಲೆ ನಡೆಯುತ್ತಿತ್ತು. ಲೂರ್ದ್‌ಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ, ಕಾರ್ಮಿನ್‌ಗೆ ಕ್ಲಿನಿಕ್ಕಿನಲ್ಲಿ ಸಂಜೆಯದು. ಒಬ್ಬಳು ಚಪ್ಪಲಿ ಕಳಚುವಾಗ ಇನ್ನೊಬ್ಬಳು ಮೆಟ್ಟಿಕೊಳ್ಳುತ್ತಿದ್ದಳು. ಮಗು ಬಾಗಿಲಲ್ಲೇ ಕೈ ಬದಲಾಗುತ್ತಿತ್ತು. ಸ್ಟೇಸಿ ಸ್ಕೂಲಿಗೆ ಸೇರಿದಳು. ಆಗ ಲೂರ್ದ್, "ಒಂದನೇ ಕ್ಲಾಸ್ ಆಗ್ಲಿ" ಎಂದಳು. ಒಂದನೇ ಕ್ಲಾಸೂ ಆಯಿತು. "ಇಗರ್ಜಿಯಲ್ಲಿ ಮೊದಲ ಕಮ್ಯುನಿಯನ್ ಒಂದು ಆಗಿಬಿಡ್ಲಿ ಮಾರಾಯ್ತಿ" ಎಂದಳು. ಹೀಗೇ ಬಿಟ್ಟರೆ ಸ್ಟೇಸಿಯ ಬಾಣಂತನಕ್ಕೂ ತಾನೇ ಇರಬೇಕಾಗುತ್ತದೆ ಎಂದು ಕಾರ್ಮಿನ್‌ಗೆ ಮೈಯೆಲ್ಲ ಉರಿಯಿತು.

ದುಬೈಯಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸಿನ ಕೆಲಸವೊಂದು ಅವಳ ಕೈಗೆಟಕುವಂತಿತ್ತು. ಸ್ವಂತ ಕೋಣೆ, ಓಡಾಡಲು ಕಂಪನಿ ಕಾರು. ಆದರೆ ಈ ತಿಂಗಳೊಳಗೆ ಡ್ರೈವಿಂಗ್ ಲೈಸೆನ್ಸ್ ತೋರಿಸಬೇಕು. ಎರಡು ಸಲ ಫೇಲಾದವಳಿಗೆ ಮೂರನೇ ಟೆಸ್ಟಿನ ತಾರೀಕು ಸಿಕ್ಕಿದ್ದೇ ದೊಡ್ಡದು. ಅದು ತಪ್ಪಿದರೆ ಮುಂದಿನದು ಯಾವಾಗಲೋ, ಅಷ್ಟರಲ್ಲಿ ಕೆಲಸ ಇನ್ನೊಬ್ಬಳ ಪಾಲು. ಟೆಸ್ಟು ಬೆಳಿಗ್ಗೆ, ಸ್ಕೂಲಿಗೋ ಬೇಸಿಗೆ ರಜೆ. ಆ ದಿನ ಆಫ್ ತೆಗೆದುಕೊಳ್ಳುತ್ತೇನೆಂದು ಲೂರ್ದ್ ಊಟದ ಮೇಜಿನಲ್ಲಿ ಎಲ್ಲರೆದುರು ಒಪ್ಪಿಕೊಂಡಿದ್ದಳು.

ಆ ಬೆಳಿಗ್ಗೆ ಕಾರ್ಮಿನ್ ಎದ್ದು ಬಂದಾಗ ಲೂರ್ದ್ ಯೂನಿಫಾರ್ಮಿನಲ್ಲಿ ನಿಂತು ಚಹಾ ಕುಡಿಯುತ್ತಿದ್ದಳು.

"ಆಫ್ ಸಿಗ್ಲಿಲ್ಲ" ಎಂದಳು, ಲೋಟದಿಂದ ತಲೆ ಎತ್ತದೆ. "ಎಂತ ಮಾಡುದು? ಹೆಡ್ ನರ್ಸ್ ಒಪ್ಪಬೇಕಲ್ಲ."

"ನಿನ್ನೆ ಹೇಳ್ಬಹುದಿತ್ತಲ್ಲ ಅತ್ತಿಗೆ!"

"ಹೇಳಿದ್ರೆ ನೀನು ರಾತ್ರಿಯಿಡೀ ಮುಖ ಊದಿಸ್ತಿದ್ದೆ. ಟೆಸ್ಟ್ ಎಲ್ಲಿ ಓಡಿ ಹೋಗ್ತದೆ? ಹೇಗೂ ಫೇಲಾಗುದಲ್ಲವಾ?"

ಕಾರ್ಮಿನ್ ಅಣ್ಣನ ಕಡೆ ನೋಡಿದಳು. ಹೋಟೆಲಿನ ಸ್ಟೋರ್‌ಕೀಪರ್ ಮೊರಿಸ್ ಇಸ್ತ್ರಿ ಹಾಕಿದ ಅಂಗಿಗೇ ಮತ್ತೊಮ್ಮೆ ಇಸ್ತ್ರಿ ಹಾಕುತ್ತಿದ್ದ. "ಬೆಳಿಗ್ಗೆ ಬೆಳಿಗ್ಗೆ ಜಗಳ ಬೇಡ" ಎಂದ. ಬಾಯಿಗೆ ಬೀಗ ಹಾಕಿಕೊಂಡೇ ಸಂಸಾರ ಮಾಡಿದ ಗಂಡಸು ಅವನು. ಗಂಡ ಹೆಂಡಿರಿಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿದು ಹೋದರು.

ಕಾರ್ಮಿನ್‌ಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸ್ಟೇಸಿಯನ್ನು ಎಬ್ಬಿಸಿ, ಹಲ್ಲುಜ್ಜಿಸಿ, ಫ್ರಾಕು ತೊಡಿಸಿ ಟ್ಯಾಕ್ಸಿ ಹತ್ತಿಸಿದಳು. "ವೇರ್ ಆರ್ ವಿ ಗೋಯಿಂಗ್, ಆಂಟಿ?" ಎಂದಳು ಹುಡುಗಿ. ಕಾರ್ಮಿನ್ ಡ್ರೈವರನಿಗೆ ಲೂರ್ದ್‌ಳ ಆಸ್ಪತ್ರೆಯ ಹೆಸರು ಹೇಳಿದಳು.

ವಾರ್ಡಿನ ಬಾಗಿಲಲ್ಲಿ ಉಳ್ಳಾಲದ ಸಕೀನ ಕೂತಿದ್ದಳು. ಅವಳೇ ಹೆಡ್ ನರ್ಸ್. ಲೂರ್ದ್ ಪಕ್ಕದಲ್ಲೇ ಔಷಧಿ ಟ್ರೇ ಹಿಡಿದು ನಿಂತಿದ್ದಳು. ಕಾರ್ಮಿನ್ ನೇರವಾಗಿ ಹೋಗಿ ಮಗುವಿನ ಕೈಯನ್ನು ಲೂರ್ದ್‌ಳ ಕೈಯಲ್ಲಿಟ್ಟಳು.

"ನಿಮ್ಮ ಮಗಳು. ತೆಗೊಳ್ಳಿ. ನಂಗೆ ಟೆಸ್ಟ್ ಉಂಟು."

"ನಿಂಗೆ ತಲೆ ಕೆಟ್ಟಿದೆಯಾ? ಇದು ಆಸ್ಪತ್ರೆ! ಡ್ಯೂಟಿ ಟೈಮಲ್ಲಿ ಮಗು..."

"ಸಕೀನಕ್ಕ ಆಫ್ ಕೊಡ್ಲಿಲ್ಲವಂತಲ್ಲ, ಅವರೇ ನೋಡಿಕೊಳ್ಳಲಿ."

ಸಕೀನ ಇಬ್ಬರ ಮುಖವನ್ನೂ ನೋಡಿದಳು. "ನಾನಾ? ಲೂರ್ದ್, ನಿಂಗೆ ಆಫ್ ಹಾಕಿ ವಾರ ಆಯ್ತಲ್ಲ. ನಿನ್ನೆ ಬಂದು 'ಬೇಡ, ಡ್ಯೂಟಿಗೆ ಬರ್ತೇನೆ' ಅಂತ ಹೇಳಿದ್ದು ನೀನೇ ಅಲ್ವಾ?"

ಲೂರ್ದ್‌ಳ ಮುಖ ನೋಡಬೇಕಿತ್ತು. ಕಾರ್ಮಿನ್ ಕಣ್ತುಂಬ ನೋಡಿದಳು, ಆರು ವರ್ಷಕ್ಕೆ ಸಾಲುವಷ್ಟು ನೋಡಿದಳು.

"ನೀನು ಹೋದ್ರೆ ನಾನು ಕೆಲಸ ಬಿಡಬೇಕಾಗ್ತದೆ" ಎಂದಳು ಲೂರ್ದ್, ಹಲ್ಲು ಕಚ್ಚಿ, ಮೆಲ್ಲಗೆ. "ನಿಂಗೆ ಅದೆಲ್ಲ ಎಲ್ಲಿ ಗೊತ್ತಾಗ್ತದೆ? ತಿಂದ ಮನೆಗೆ ಹೀಗೆ ಮಾಡ್ತಿಯಲ್ಲ."

"ಖಲಾಸ್ ಅತ್ತಿಗೆ" ಎಂದು ಕಾರ್ಮಿನ್ ತಿರುಗಿದಳು. ಹಿಂದಿನಿಂದ ಸ್ಟೇಸಿ "ಆಂಟಿ" ಎಂದು ಕೂಗಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ನೋಡಿದ್ದರೆ ಟೆಸ್ಟಿಗೆ ಹೋಗುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು.

ಆ ದಿನ ಅವಳು ಗಾಡಿ ಓಡಿಸಿದ್ದು ಕೋಪದಲ್ಲೇ. ಪಕ್ಕದಲ್ಲಿ ಕೂತ ಪೊಲೀಸ್ ಹೆಂಗಸು ಹಿಂದಕ್ಕೆ ಪಾರ್ಕ್ ಮಾಡಿಸಿ, ಸಿಗ್ನಲ್ ದಾಟಿಸಿ, ಕೊನೆಗೆ "ಪಾಸ್. ಯಲ್ಲಾ, ಬೇಗ ಇಳಿ" ಎಂದಳು.

ಮಧ್ಯಾಹ್ನ ಮನೆಗೆ ಬಂದಾಗ ಲೂರ್ದ್ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು. ಕಾರ್ಮಿನ್‌ಗೆ ಕ್ಲಿನಿಕ್ಕಿಗೆ ಹೊತ್ತಾಗುತ್ತಿತ್ತು. ಸ್ಟೇಸಿ ಮತ್ತು ಅವಳು ಮಲಗುತ್ತಿದ್ದ ಕೋಣೆಗೆ ಹೋದರೆ ಹುಡುಗಿ ಮಂಚದ ಮೇಲೆ ಗೋಡೆ ಕಡೆ ತಿರುಗಿ ಕೂತಿದ್ದಳು.

"ಪುಟ್ಟಾ, ಆಂಟಿ ಪಾಸಾದಳು."

"ಯೂ ರಿಟರ್ನ್ಡ್ ಮಿ" ಎಂದಳು ಸ್ಟೇಸಿ. "ಮಮ್ಮಿ ಸೆಡ್. ಅಂಗಡಿಗೆ ವಾಪಸ್ ಕೊಡುವ ಹಾಗೆ."

ಕಾರ್ಮಿನ್‌ಳ ಎದೆ ಒಡೆಯಿತು. ಲೂರ್ದ್ ಮೇಲೆ ಇದ್ದ ಸಿಟ್ಟಿಗೆ ಆ ಮನೆಯನ್ನೇ ಸುಟ್ಟುಬಿಡಬಹುದಿತ್ತು, ಆದರೆ ಹುಡುಗಿ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

"ಸೋ ಪ್ರಾಮಿಸ್ ಮಿ" ಎಂದು ಸ್ಟೇಸಿ ತಿರುಗಿದಳು. "ನೀನು ಹೋಗುದಿಲ್ಲ ಅಂತ. ಪ್ರಾಮಿಸ್."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಲೂರ್ದ್ ಕಿವಿಗೊಟ್ಟು ನಿಂತಿದ್ದಾಳೆ ಎಂದು ಕಾರ್ಮಿನ್‌ಗೆ ತಿಳಿಯಿತು. ಒಂದು ಹೂಂ ಎಂದರೆ ಮಗು ಬಂದು ಕೊರಳು ತಬ್ಬುತ್ತಿತ್ತು.

"ಇಲ್ಲ ಪುಟ್ಟಾ" ಎಂದಳು ಕಾರ್ಮಿನ್. "ಆಂಟಿ ಹೋಗ್ತಾಳೆ."

ಸ್ಟೇಸಿ ಮಂಚದಿಂದ ಇಳಿದು, ತನ್ನ ದಿಂಬನ್ನು ಎದೆಗವಚಿಕೊಂಡು, ಅಪ್ಪ ಅಮ್ಮನ ಕೋಣೆಗೆ ನಡೆದಳು. ಕಾರ್ಮಿನ್ ಯೂನಿಫಾರ್ಮ್ ಹಾಕಿಕೊಂಡು ಡ್ಯೂಟಿಗೆ ಹೊರಟಳು.