ದವಡೆ ಕೊರೆದ ಹುಳ

ಶೆಟ್ಟಿಕೊಪ್ಪದ ಜಯದೇವಪ್ಪನ ದವಡೆಯ ಮುಂದೆ ಅಡಿಕೆ ಸುಲಿಯುವ ಯಂತ್ರ ಯಾವ ಲೆಕ್ಕ! ಸಿಪ್ಪೆ ಸಮೇತ ಒಣಗಿದ ಗೋಟಡಿಕೆಯನ್ನು ಗಾಡಿಗಟ್ಟಲೆ ಬಾಯಲ್ಲೇ ಒಡೆದು ಬಿಸಾಡುತ್ತಿದ್ದ. ಅವನು ಕಟಂ ಎಂದು ಒಮ್ಮೆ ಕಚ್ಚಿದರೆ ಭದ್ರಾ ಹಿನ್ನೀರಿನ ಆಚೆ ಮಲಗಿದ್ದ ಹುಲಿ ಎದ್ದು ಮರಿಗಳನ್ನು ಎಣಿಸಿಕೊಳ್ಳುತ್ತಿತ್ತು.

ಅಂಥವನ ಕೆನ್ನೆ ಊದಿತು. ಹೆಂಡತಿ ಪ್ರೇಮಕ್ಕನ ಕಾಟಕ್ಕೆ ಪೇಟೆಯಲ್ಲಿ ಎಕ್ಸ್‌ರೇ ತೆಗೆಸಿದ. ಆದರೆ ಡಾಕ್ಟರಿಗೆ ತೋರಿಸದೆ ಸೀದಾ ತನ್ನ ಅಡಿಕೆ ಗೋದಾಮಿಗೆ ಬಂದ. ಒಡೆದ ಅಡಿಕೆಯ ಮುಖ ನೋಡಿ ಹುಳುಕು ಹೇಳುವವನಿಗೆ ಡಾಕ್ಟರ್ ಯಾಕೆ?

ಫಿಲ್ಮನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಗೆ ಎತ್ತಿದ. ಚರ್ಮವಿಲ್ಲದ, ತುಟಿಯಿಲ್ಲದ ಮುಖವೊಂದು ಅವನನ್ನೇ ನೋಡಿ ಹಲ್ಲು ಕಿರಿಯಿತು. ಹಲ್ಲುಗಳು ಅವನವೇ! ಅವುಗಳ ಕೆಳಗೊಂದು ಕಪ್ಪು ತೂತು. ಅಲ್ಲಿಂದ ಕಿವಿಯ ಕಡೆಗೆ ಮಸುಕಾದ ಸುರಂಗ. ಹುಳ ಹೊಕ್ಕ ಅಡಿಕೆಯೂ ಥೇಟ್ ಹೀಗೇ.

ಕರ್... ಕರ್...

ಪಕ್ಕದ ಮೂಟೆಗೆ ಕಿವಿಯಿಟ್ಟ. ನಿಶ್ಶಬ್ದ. ಕೆನ್ನೆಗೆ ಅಂಗೈ ಒತ್ತಿದ. ಕರ್... ಕರ್...

“ಪ್ರೇಮಾ, ನನ್ನ ದವಡೆ ಒಳಗೆ ಹುಳ ನಡೀತಾ ಇದೆ ಕಣೇ!” ಎನ್ನುತ್ತ ಮನೆಗೆ ಓಡಿದ.

“ಎಂಥ ಹುಳ? ಡಾಕ್ಟ್ರಿಗೆ ತೋರ್ಸಿ ಅಂದ್ರೆ ಕೇಳ್ಬೇಕಲ್ಲ.”

“ತೋರ್ಸಿದ್ರೆ ದವಡೆನೇ ಕೊಯ್ದು ತೆಗೀತಾರೆ. ಆಮೇಲೆ ಗಂಜಿ ಮೂಗಲ್ಲಿ ಕುಡೀಲಾ?”

“ದವಡೆ ಹೋದ್ರೆ ಬಡಾಯಿ ಕೊಚ್ಚೋದು ಎಲ್ಲಿಂದ ಮಾರಾಯ್ರೆ? ಏಳಿ, ಹೊರಡಿ!”

ಹಲ್ಲಿನ ಡಾಕ್ಟರ್ ಅರ್ಪಣಾ ಕೈ ಚಾಚಿದರೂ ಜಯದೇವಪ್ಪ ಫಿಲ್ಮ್ ಬಿಡಲಿಲ್ಲ. ತಾನೇ ದೀಪಕ್ಕೆ ಹಿಡಿದು ತೂತು ತೋರಿಸಿದ.

“ಆ ಕಡೆ ಹೆಬ್ಬೆರಳು ಸ್ವಲ್ಪ ತೆಗೀರಿ” ಎಂದರು ಡಾಕ್ಟರ್.

ತೆಗೆದ. ಬೆರಳಿನಡಿ ಅಂಥದ್ದೇ ಇನ್ನೊಂದು ತೂತು.

“ಅಯ್ಯೋ, ಎರಡು ಹುಳ!”

“ಒಂದೂ ಇಲ್ಲ. ಎಲ್ಲರ ಕೆಳದವಡೇಲೂ ಎರಡು ಕಡೆ ಇರೋ ಕಿಂಡಿ ಅದು. ತುಟಿ, ಗದ್ದಕ್ಕೆ ಹೋಗೋ ನರ ಅಲ್ಲಿಂದ ಹೊರಗೆ ಬರುತ್ತೆ. ನಿಮ್ಮ ಸುರಂಗ ಆ ನರದ ದಾರಿ.”

“ಇವಳಿಗೂ ಇದ್ಯಾ?” ಎಂದು ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿದ.

“ಇವರಿಗೂ ಇದೆ, ನನಗೂ ಇದೆ.”

“ಹಂಗಾದ್ರೆ ಬರ್ತೀನಿ” ಎಂದು ಎದ್ದ.

“ಕೂತ್ಕೊಳ್ಳಿ. ಹಿಂದಿನ ಈ ಹಲ್ಲಿನ ಬೇರಿನ ತುದೀಲಿ ಕಪ್ಪಿದೆ ನೋಡಿ. ಆ ಕಡೆ ಹಲ್ಲಲ್ಲಿ ಇಲ್ಲ. ಕೀವು ಆಗಿರೋ ಹಾಗಿದೆ. ನೋವಿಲ್ವಾ?”

“ನೋವಾ? ಕಬ್ಬಿಣದ ಹಲ್ಲು ಡಾಕ್ಟ್ರೇ!”

ಡಾಕ್ಟರ್ ಆ ಹಲ್ಲನ್ನು ಮೆಲ್ಲಗೆ ತಟ್ಟಿದರು. ಅವನ ಕೂಗಿಗೆ ಬಾಳೆಹೊನ್ನೂರಿನ ಬಸ್ಸು ನಡುರಸ್ತೆಯಲ್ಲಿ ಬ್ರೇಕ್ ಹಾಕಿತು.

ಪ್ರೇಮಕ್ಕ ಗಂಡನ ಮುಖವನ್ನೇ ನೋಡಿದಳು. ಅವನು ತಲೆ ತಗ್ಗಿಸಿದ.

“ಎರಡು ತಿಂಗ್ಳಿಂದ ನೋವು. ಮರಗಟ್ಲಿ ಅಂತ ಹೊಗೆಸೊಪ್ಪು ಒತ್ತಿಟ್ಕೋತಿದ್ದೆ. ಆ ಕರ್ ಕರ್ ಶಬ್ದ... ನೋವಿಗೆ ನಾನೇ ಹಲ್ಲು ಮಸೀತಿದ್ದೆ ಅನ್ಸುತ್ತೆ.”

“ಹೊಗೆಸೊಪ್ಪು ಕೀವು ವಾಸಿಮಾಡಲ್ಲ, ಬಾಯಿಗೆ ಕ್ಯಾನ್ಸರ್ ತರುತ್ತೆ” ಎಂದರು ಡಾಕ್ಟರ್. ಪ್ರೇಮಕ್ಕ ಅವನ ಜೇಬಿನ ಪೊಟ್ಟಣ ತೆಗೆದು ಕಸದ ಬುಟ್ಟಿಗೆ ಹಾಕಿದಳು. ಅವನು ಕುರ್ಚಿಗೆ ಒರಗಿ ಬಾಯಿ ತೆರೆದ. ಚಿಕಿತ್ಸೆ ಅಂದೇ ಶುರುವಾಯಿತು.

ಬಂಧುಗಳೇ, ಎಕ್ಸ್‌ರೇಯಲ್ಲಿ ಕಾಣುವ ಕಪ್ಪೆಲ್ಲ ರೋಗವಲ್ಲ. ಯಾವುದು ರೋಗ ಎಂಬುದು ಕಿಟಕಿಯ ಬೆಳಕಿಗೆ ತಿಳಿಯುವುದೂ ಇಲ್ಲ. ಹಲ್ಲಿನ ಡಾಕ್ಟರಿಗೆ ತೋರಿಸಿ, ಕೇಳಿ ತಿಳಿದುಕೊಳ್ಳಿ. ಬೇರೆ ಏನನ್ನು ಬೇಕಾದರೂ ಹೆಚ್ಚಿಸಿ ಹೇಳಿ; ನೋವನ್ನು ಮಾತ್ರ ಮುಚ್ಚಿಡಬೇಡಿ.